ನೀರನ್ನು ಒಡೆಯುವ ಅಗ್ಗದ ಲೋಹಗಳೂ ನಮ್ಮ ಗೊಬ್ಬರದ ಚೀಲವೂ

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಜಲಜನಕದ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕೊಳೆರೋಗ, ಕಾಂಡಕೊರಕ, ಕೆಲಸದಾಳುಗಳ ಅಭಾವ, ಧಾರಣೆಯ ಏರಿಳಿತ ಇವುಗಳೇ ಸಾಲದೇ ಎಂದೂ ಅನ್ನಿಸಬಹುದು. ಆದರೆ ನಾವು ಬಯಸಲಿ ಬಿಡಲಿ, ಜಲಜನಕವು ಪ್ರತಿವರ್ಷವೂ ನಮ್ಮ ತೋಟದ ತಡಮೆ ದಾಟಿ ಒಳಗೆ ಬರುತ್ತಲೇ ಇದೆ. ಅದು ಬರುವುದು ಯೂರಿಯ ಚೀಲದ ರೂಪದಲ್ಲಿ.

ನೀರಿಗೆ ವಿದ್ಯುತ್ ಹಾಯಿಸಿ ಜಲಜನಕವನ್ನೂ ಆಮ್ಲಜನಕವನ್ನೂ ಬೇರೆ ಮಾಡುವ ವಿಚಾರ ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಕೇಂದ್ರ ಸಚಿವ ಸಂಪುಟವು 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವುದು ಅದರ ಗುರಿ. ಈ ಕೆಲಸಕ್ಕೆ ಇದುವರೆಗೆ ಪ್ಲಾಟಿನಂ, ಇರಿಡಿಯಂನಂಥ ದುಬಾರಿ ಲೋಹಗಳು ಬೇಕಾಗಿದ್ದವು, ಇನ್ನು ಮುಂದೆ ನಿಕ್ಕಲ್, ಕಬ್ಬಿಣ, ಮ್ಯಾಂಗನೀಸ್‌ಗಳಲ್ಲೇ ಆಗುತ್ತದೆ ಎಂಬ ಸುದ್ದಿಯನ್ನೂ ಆಗಾಗ ಓದುತ್ತೇವೆ. ಈ ಸುದ್ದಿಯಲ್ಲಿ ಬೆಳೆಗಾರನಿಗೆ ಸಿಕ್ಕುವ ತಿರುಳು ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಈ ಲೇಖನದ ಉದ್ದೇಶ.

ಲೆಕ್ಕವನ್ನು ನಾವು ಮಲೆನಾಡಿನಲ್ಲಿ ಕುಳಿತು ಮಾಡದೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಕಡೆ ಹೋಗಿ ಮಾಡೋಣ. ಇದಕ್ಕೆ ಕಾರಣವಿದೆ. ನೀರನ್ನು ಒಡೆಯಲು ಬಿಸಿಲೂ ಬೇಕು, ನೀರೂ ಬೇಕು. ನಮ್ಮಲ್ಲಿ ಮಳೆ ಧಾರಾಳ, ಬಿಸಿಲಿಗೆ ಮೋಡದ ಅಡ್ಡಿ. ಅಲ್ಲಿ ಬಿಸಿಲು ಧಾರಾಳ, ನೀರಿಗೆ ಬರ. ಸಕಲೇಶಪುರದ ಕಾಡಿನಿಂದ ನೀರನ್ನೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ಆ ಯೋಜನೆಯ ಬಗ್ಗೆ ನಮ್ಮ ಸದಸ್ಯರಲ್ಲಿ ಏನೇ ಭಿನ್ನಾಭಿಪ್ರಾಯವಿರಲಿ, ಆ ಸೀಮೆಯ ನೀರಿನ ಲೆಕ್ಕಕ್ಕೂ ನಮಗೂ ನಂಟು ಬಿದ್ದಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಚೀಲದೊಳಗಿನ ಲೆಕ್ಕ

ಯೂರಿಯ ತಯಾರಾಗುವ ಬಗೆ ಹೀಗಿದೆ. ನೈಸರ್ಗಿಕ ಅನಿಲವನ್ನು ಬಿಸಿ ಹಬೆಯೊಡನೆ ಸೇರಿಸಿ ಜಲಜನಕ ಪಡೆಯುತ್ತಾರೆ. ಗಾಳಿಯಲ್ಲಿರುವ ಸಾರಜನಕವನ್ನು ಅದರೊಡನೆ ಕೂಡಿಸಿದರೆ ಅಮೋನಿಯ ಆಗುತ್ತದೆ. ಅಮೋನಿಯಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿಸಿದರೆ ಯೂರಿಯ. ಸಾರಜನಕಕ್ಕೆ ಕಾಸು ಕೊಡಬೇಕಾಗಿಲ್ಲ, ಗಾಳಿಯ ತುಂಬ ಅದೇ ಇದೆ. ಖರ್ಚೆಲ್ಲ ಜಲಜನಕದ್ದೇ. ನಮ್ಮ ಪಣಂಬೂರಿನ ಗೊಬ್ಬರ ಕಾರ್ಖಾನೆ 1976ರಲ್ಲಿ ಉತ್ಪಾದನೆ ಆರಂಭಿಸಿದಾಗ ಜಲಜನಕಕ್ಕೆ ಆಧಾರವಾಗಿದ್ದುದು ನಾಫ್ತಾ ಎಂಬ ಪೆಟ್ರೋಲಿಯಂ ಪದಾರ್ಥ. ಕೊಚ್ಚಿಯಿಂದ ಮಂಗಳೂರಿಗೆ ಅನಿಲದ ಕೊಳವೆ ಬಂದ ಮೇಲೆ ಅದು ಅನಿಲಕ್ಕೆ ತಿರುಗಿತು. ಆದರೆ ದೇಶಕ್ಕೆ ಬೇಕಾದ ಅನಿಲದಲ್ಲಿ ಸುಮಾರು ಅರ್ಧ ಭಾಗ ಹಡಗಿನಲ್ಲಿ ಬರಬೇಕು. ದೂರದ ದೇಶಗಳಲ್ಲಿ ಯುದ್ಧವಾದರೆ ನಮ್ಮ ಗೋದಾಮಿನಲ್ಲಿ ಚೀಲ ಕಡಿಮೆಯಾಗುವುದರ ಗುಟ್ಟು ಇಷ್ಟೇ.

ಒಂದು ಎಕರೆ ಅಡಿಕೆ ತೋಟವನ್ನು ತೆಗೆದುಕೊಳ್ಳೋಣ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಸುಮಾರು 550 ಮರಗಳು. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಎಂಬುದು ಶಿಫಾರಸು. ಎಲ್ಲವನ್ನೂ ಯೂರಿಯದಲ್ಲೇ ಕೊಟ್ಟರೆ ಎಕರೆಗೆ ಸುಮಾರು 120 ಕಿಲೋ, ಅಂದರೆ 45 ಕಿಲೋ ತೂಕದ ಎರಡೂವರೆ ಚೀಲಕ್ಕೆ ಸ್ವಲ್ಪ ಮೇಲು. ಒಂದು ಕಿಲೋ ಯೂರಿಯ ತಯಾರಿಸಲು ನೂರು ಗ್ರಾಂ ಜಲಜನಕ ಬೇಕು. ಆದ್ದರಿಂದ ನಮ್ಮ ಒಂದೆಕರೆಗೆ ಬೇಕಾದ ಜಲಜನಕ ವರ್ಷಕ್ಕೆ ಸುಮಾರು 12 ಕಿಲೋ.

ಈ 12 ಕಿಲೋವನ್ನು ನೀರಿನಿಂದಲೇ ಪಡೆಯಬೇಕೆಂದರೆ ಎಷ್ಟು ನೀರು ಬೇಕು? ಒಂಬತ್ತು ಕಿಲೋ ನೀರನ್ನು ಒಡೆದರೆ ಒಂದು ಕಿಲೋ ಜಲಜನಕ, ಎಂಟು ಕಿಲೋ ಆಮ್ಲಜನಕ. ಹಾಗಾದರೆ 108 ಲೀಟರ್ ನೀರು ಸಾಕು. ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಕೊಡುವ ನಮಗೆ, ಇದು ಆರು ಮರಗಳು ಒಂದು ದಿನ ಕುಡಿಯುವ ನೀರು ಮಾತ್ರ. ಇಲ್ಲಿಯವರೆಗೆ ಲೆಕ್ಕ ಬಹಳ ಚೆನ್ನಾಗಿದೆ. ತೊಡಕು ಇರುವುದು ಮುಂದೆ.

ಘಾಟಿ ಹತ್ತಿಸುವ ಖರ್ಚು

ನೀರಿನಲ್ಲಿ ಜಲಜನಕ, ಆಮ್ಲಜನಕಗಳು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಅವನ್ನು ಬಿಡಿಸಲು ಶಕ್ತಿ ವ್ಯಯ ಮಾಡಲೇಬೇಕು. ನೀರಿನಲ್ಲಿ ಎರಡು ಲೋಹದ ತಗಡುಗಳನ್ನು ಇಳಿಬಿಟ್ಟು ವಿದ್ಯುತ್ ಹಾಯಿಸಿದರೆ ಋಣಧ್ರುವದಲ್ಲಿ ಜಲಜನಕವೂ ಧನಧ್ರುವದಲ್ಲಿ ಆಮ್ಲಜನಕವೂ ಗುಳ್ಳೆಗಳಾಗಿ ಏಳುತ್ತವೆ. ಸಿದ್ಧಾಂತದ ಪ್ರಕಾರ ಇದಕ್ಕೆ ಕನಿಷ್ಠ 1.23 ವೋಲ್ಟ್ ಒತ್ತಡ ಬೇಕು. ಬೇಕಾದ ಶಾಖವನ್ನೂ ವಿದ್ಯುತ್ತಿನಿಂದಲೇ ಒದಗಿಸುವುದಾದರೆ 1.48 ವೋಲ್ಟ್. ಆದರೆ ಕಾರ್ಖಾನೆಯಲ್ಲಿ ವೇಗವಾಗಿ ಅನಿಲ ತೆಗೆಯಬೇಕಾದರೆ 1.8ರಿಂದ 2 ವೋಲ್ಟ್‌ವರೆಗೂ ಕೊಡಬೇಕಾಗುತ್ತದೆ. ಈ ಹೆಚ್ಚುವರಿಯೇ ನಷ್ಟದ ಬಾಬತ್ತು. ಅದನ್ನು ಕಡಿಮೆ ಮಾಡುವ ಪದಾರ್ಥಕ್ಕೆ ವೇಗವರ್ಧಕ ಎಂದು ಹೆಸರು. ಅದನ್ನು ತಗಡಿನ ಮೇಲೆ ಲೇಪಿಸಿರುತ್ತಾರೆ. ಕ್ರಿಯೆಯನ್ನು ಅದು ಸುಲಭಗೊಳಿಸುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ.

ನಮಗೆ ಪರಿಚಯವಿರುವ ಶಿರಾಡಿ ಘಾಟಿಯನ್ನು ನೆನೆಯೋಣ. ಮಂಗಳೂರಿನಿಂದ ಹೊರಟ ಲಾರಿ ಸಕಲೇಶಪುರ ತಲುಪಬೇಕು. ರಸ್ತೆ ಸರಿಯಿಲ್ಲದಿದ್ದರೆ ಮೊದಲು ಇನ್ನೂ ಎತ್ತರದ ಗುಡ್ಡವನ್ನು ಹತ್ತಿ ಆಮೇಲೆ ಇಳಿಯಬೇಕಾದೀತು. ಒಳ್ಳೆಯ ರಸ್ತೆ ಮಾಡಿದರೆ, ಸುರಂಗ ಕೊರೆದರೆ, ಆ ವೃಥಾ ಏರಿಳಿತ ತಪ್ಪುತ್ತದೆ, ಡೀಸೆಲ್ ಉಳಿಯುತ್ತದೆ. ಆದರೆ ಸಕಲೇಶಪುರ ಮಂಗಳೂರಿಗಿಂತ ಎತ್ತರದಲ್ಲಿದೆ, ಆ ಎತ್ತರವನ್ನು ಯಾವ ಸುರಂಗವೂ ಇಲ್ಲವಾಗಿಸಲಾರದು. ವೇಗವರ್ಧಕವೂ ಹಾಗೆಯೇ. ಅದು ಒಳ್ಳೆಯ ರಸ್ತೆ ಮಾತ್ರ. ನೀರಿನಿಂದ ಜಲಜನಕದವರೆಗಿನ ಎತ್ತರದ ಬಾಡಿಗೆಯನ್ನು ವಿದ್ಯುತ್ತಿನ ಮೂಲಕ ತೆರಲೇಬೇಕು. ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡವರನ್ನು, ನೀರಿನಿಂದಲೇ ಪಂಪು ಓಡಿಸುತ್ತೇವೆ, ಪುಕ್ಕಟೆ ಇಂಧನ ಕೊಡುತ್ತೇವೆ ಎಂದು ಬರುವವರು ಮೋಸಗೊಳಿಸಲಾರರು.

ಈಗ ಅಂಕಿಗಳಿಗೆ ಬರೋಣ. ಎರಡು ವೋಲ್ಟಿನಲ್ಲಿ ನಡೆಯುವ ಯಂತ್ರ ಒಂದು ಕಿಲೋ ಜಲಜನಕಕ್ಕೆ ಸುಮಾರು 53 ಯೂನಿಟ್ ವಿದ್ಯುತ್ ತಿನ್ನುತ್ತದೆ. ಒಳ್ಳೆಯ ವೇಗವರ್ಧಕದಿಂದ 1.8 ವೋಲ್ಟಿಗೆ ಇಳಿಸಿದರೆ 48 ಯೂನಿಟ್. ನಮ್ಮ ಒಂದೆಕರೆಯ 12 ಕಿಲೋಗೆ ಮೊದಲನೆಯದರಲ್ಲಿ ಸುಮಾರು 635 ಯೂನಿಟ್, ಎರಡನೆಯದರಲ್ಲಿ 575. ಉಳಿತಾಯ ಅರುವತ್ತು ಯೂನಿಟ್. ಇದು ಕಡೆಗಣಿಸುವಂಥದ್ದಲ್ಲ. ದೇಶಕ್ಕೆ ಬೇಕಾದ ಗೊಬ್ಬರಕ್ಕೆ ಗುಣಿಸಿದರೆ ಭಾರಿ ಮೊತ್ತವೇ ಆಗುತ್ತದೆ. ಆದರೂ ಯೂನಿಟ್ಟಿಗೆ 3 ರೂಪಾಯಿ ಎಂದು ಹಿಡಿದರೆ ಎಕರೆಯ ಗೊಬ್ಬರದ ಜಲಜನಕಕ್ಕೆ ವಿದ್ಯುತ್ ಖರ್ಚೇ 1,700 ರೂಪಾಯಿ ದಾಟಿತು. ತೆರಿಗೆ ಮತ್ತು ಬೇವಿನ ಲೇಪದ ವೆಚ್ಚ ಬಿಟ್ಟು ಯೂರಿಯ ಚೀಲಕ್ಕೆ ಸರ್ಕಾರ ನಿಗದಿ ಮಾಡಿರುವ ಬೆಲೆ 242 ರೂಪಾಯಿ. ಮಿಕ್ಕಿದ್ದನ್ನು ಸಬ್ಸಿಡಿಯ ಮೂಲಕ ಸರ್ಕಾರವೇ ಹೊರುತ್ತಿದೆ. ಆದುದರಿಂದ ಅಗ್ಗದ ಲೋಹ ಸಿಕ್ಕಿತೆಂದ ಮಾತ್ರಕ್ಕೆ ನಾಳೆಯೇ ಅಗ್ಗದ ಗೊಬ್ಬರ ಸಿಕ್ಕುತ್ತದೆ ಎಂದು ತಿಳಿಯಬಾರದು.

ಇದಕ್ಕೆ ಇತಿಹಾಸದಲ್ಲಿಯೇ ಸಾಕ್ಷಿಯಿದೆ. ಪಂಜಾಬಿನ ನಂಗಲ್‌ನಲ್ಲಿ 1960ರ ದಶಕದ ಆರಂಭದಲ್ಲಿ ಭಾಕ್ರಾ ಅಣೆಕಟ್ಟಿನ ಅಗ್ಗದ ವಿದ್ಯುತ್ತಿನಿಂದ ನೀರನ್ನು ಒಡೆದು, ಆ ಜಲಜನಕದಿಂದಲೇ ಗೊಬ್ಬರ ತಯಾರಿಸುತ್ತಿದ್ದರು. ನಾರ್ವೆ ದೇಶದಲ್ಲಿ ಇದಕ್ಕಿಂತ ಹಿಂದೆಯೇ, 1920ರ ದಶಕದ ಕೊನೆಯ ಹೊತ್ತಿಗೆ, ಜಲಪಾತದ ವಿದ್ಯುತ್ತಿನಿಂದ ಇದೇ ಕೆಲಸ ನಡೆದಿತ್ತು. ವಿದ್ಯುತ್ತಿಗೆ ಬೇರೆ ಕಡೆ ಬೇಡಿಕೆ ಬಂದು ಎಣ್ಣೆ, ಅನಿಲಗಳು ಅಗ್ಗವಾದಾಗ ಎರಡೂ ಕಡೆ ಈ ವಿಧಾನ ಹಿಂದೆ ಸರಿಯಿತು. ನೀರು ಒಡೆಯುವ ವಿದ್ಯೆ ಹೊಸದಲ್ಲ. ಅದು ಗೆಲ್ಲುವುದೂ ಸೋಲುವುದೂ ವಿದ್ಯುತ್ತಿನ ದರದ ಮೇಲೆ.

ದುಬಾರಿ ಲೋಹದ ಜಾಗದಲ್ಲಿ ಕಬ್ಬಿಣ

ಹಾಗಾದರೆ ಲೋಹದ ಬಗ್ಗೆ ಇಷ್ಟು ಚರ್ಚೆಯೇಕೆ? ನೀರು ಒಡೆಯುವ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹಳೆಯ ಬಗೆಯಲ್ಲಿ ತೀಕ್ಷ್ಣವಾದ ಕ್ಷಾರದ ದ್ರಾವಣ ಮತ್ತು ನಿಕ್ಕಲ್ ತಗಡುಗಳಿರುತ್ತವೆ. ಲೋಹ ಅಗ್ಗ, ಆದರೆ ಯಂತ್ರ ದೊಡ್ಡದು, ವಿದ್ಯುತ್ ಏರಿಳಿದರೆ ಅದಕ್ಕೆ ಒಗ್ಗುವುದಿಲ್ಲ. ಹೊಸ ಬಗೆಯಲ್ಲಿ ತೆಳುವಾದ ಒಂದು ಪೊರೆ ಇರುತ್ತದೆ. ಯಂತ್ರ ಚಿಕ್ಕದು, ಬಿಸಿಲಿನ ವಿದ್ಯುತ್ತಿನ ಏರಿಳಿತಕ್ಕೂ ಹೊಂದಿಕೊಳ್ಳುತ್ತದೆ. ಆದರೆ ಒಳಗೆ ಆಮ್ಲದ ವಾತಾವರಣವಿರುವುದರಿಂದ ಸಾಮಾನ್ಯ ಲೋಹಗಳು ಕರಗಿಹೋಗುತ್ತವೆ. ಋಣಧ್ರುವಕ್ಕೆ ಪ್ಲಾಟಿನಂ, ಧನಧ್ರುವಕ್ಕೆ ಇರಿಡಿಯಂ ಬೇಕು. ಬೆಂಗಳೂರಿನ ಉತ್ತರಕ್ಕೆ, ಚಿಕ್ಕಬಳ್ಳಾಪುರಕ್ಕೆ ನೆರೆಯಾದ ದೊಡ್ಡಬಳ್ಳಾಪುರದಲ್ಲಿ ಓಮಿಯಂ ಎಂಬ ಸಂಸ್ಥೆ 2024ರಲ್ಲಿ ತೆರೆದ ಕಾರ್ಖಾನೆ ಈ ಪೊರೆಯ ಬಗೆಯ ಯಂತ್ರಗಳದ್ದು.

ಇರಿಡಿಯಂ ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸಿಕ್ಕುವುದು ಏಳೆಂಟು ಟನ್. ಅದರಲ್ಲಿ ಬಹುಪಾಲು ದಕ್ಷಿಣ ಆಫ್ರಿಕದ ಗಣಿಗಳದ್ದು. ನಿಕ್ಕಲ್ ವರ್ಷಕ್ಕೆ ಮೂವತ್ತು ಲಕ್ಷ ಟನ್ನಿಗೂ ಮಿಕ್ಕಿ ತೆಗೆಯುತ್ತಾರೆ. ಕಬ್ಬಿಣದ ಮಾತಂತೂ ಹೇಳಬೇಕಾಗಿಯೇ ಇಲ್ಲ. ಏಳೆಂಟು ಟನ್ ಲೋಹವನ್ನು ನಂಬಿ ಲಕ್ಷಾಂತರ ಟನ್ ಜಲಜನಕದ ಯೋಜನೆ ಹಾಕುವುದು, ಒಂದೇ ಒಂದು ಸಸಿಮಡಿಯನ್ನು ನಂಬಿ ಇಡೀ ಜಿಲ್ಲೆಗೆ ತೋಟ ಮಾಡಿಸಲು ಹೊರಟಂತೆ.

ದುಬಾರಿ ಲೋಹದ ಸಂಕೋಲೆ ಕಳಚಿಕೊಂಡ ಉದಾಹರಣೆ ಗೊಬ್ಬರದ ಚರಿತ್ರೆಯಲ್ಲಿಯೇ ಇದೆ. ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸಿ ತೋರಿಸಿದಾಗ ಬಳಸಿದ ವೇಗವರ್ಧಕ ಆಸ್ಮಿಯಂ, ಜಗತ್ತಿನಲ್ಲೆಲ್ಲ ಹುಡುಕಿದರೂ ಹಿಡಿಯಷ್ಟು ಸಿಕ್ಕದಂಥ ಲೋಹ. ಆಲ್ವಿನ್ ಮಿಟ್ಟಾಶ್ ಮತ್ತು ಸಂಗಡಿಗರು ಸಾವಿರಾರು ಮಿಶ್ರಣಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೊನೆಗೆ ಸ್ವೀಡನ್ನಿನ ಮ್ಯಾಗ್ನೆಟೈಟ್ ಅದಿರಿನ ಕಬ್ಬಿಣದಲ್ಲಿ ಆ ಗುಣ ಕಂಡುಕೊಂಡರು. ನಮ್ಮ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆಯುತ್ತಿದ್ದ ಅದಿರೂ ಮ್ಯಾಗ್ನೆಟೈಟ್ ಜಾತಿಯದೇ. 1913ರಲ್ಲಿ ಮೊದಲ ಅಮೋನಿಯ ಕಾರ್ಖಾನೆ ನಡೆಯತೊಡಗಿತು. ಇಂದಿಗೂ ಗೊಬ್ಬರದ ಕಾರ್ಖಾನೆಗಳಲ್ಲಿ ಮುಖ್ಯವಾಗಿ ದುಡಿಯುತ್ತಿರುವುದು ಆ ಕಬ್ಬಿಣವೇ. ಆಸ್ಮಿಯಂನಲ್ಲೇ ನಿಂತಿದ್ದರೆ ಬಡ ರೈತನ ಕೈಗೆ ಗೊಬ್ಬರದ ಚೀಲ ಬರುತ್ತಲೇ ಇರಲಿಲ್ಲ. ಈಗ ನೀರನ್ನು ಒಡೆಯುವವರು ನಡೆಸಿರುವುದೂ ಅಂಥದೇ ಹುಡುಕಾಟ.

ಜಕ್ಕೂರಿನ ಕೆಲಸ, ಎಲೆಯ ಪಾಠ

ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಜಕ್ಕೂರು ಸಿಕ್ಕುತ್ತದೆ. 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇರುವುದು ಅಲ್ಲಿಯೇ. ಅಲ್ಲಿನ ಪ್ರೊಫೆಸರ್ ಸಿ.ಎನ್.ಆರ್. ರಾವ್ ಅವರು ಬೆಂಗಳೂರಿನಲ್ಲಿ ಹುಟ್ಟಿದ ಕನ್ನಡಿಗರು, ಭಾರತರತ್ನ ಪಡೆದವರು. ಅವರೂ ಸಂಗಡಿಗರೂ 2013ರಲ್ಲಿ ಪ್ರಕಟಿಸಿದ ಎರಡು ಸಂಶೋಧನೆಗಳು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ.

ಒಂದು, ಜಲಜನಕದ ಕಡೆಯದು. ಮಾಲಿಬ್ಡಿನಂ ಸಲ್ಫೈಡ್ ಎಂಬ ಕಪ್ಪು ಪುಡಿಯನ್ನು ಯಂತ್ರಗಳ ಗ್ರೀಸಿನಲ್ಲಿ ಬೆರೆಸುವುದು ನಮ್ಮ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ಅದರ ಪದರಗಳನ್ನು ಒಂದೊಂದಾಗಿ ಬಿಡಿಸಿ, ಪರಮಾಣುಗಳ ಜೋಡಣೆಯನ್ನು ಬದಲಿಸಿದರೆ, ಬೆಳಕಿನ ಸಹಾಯದಿಂದ ನೀರಿನೊಳಗಿನ ಜಲಜನಕವನ್ನು ಬಹಳ ಚುರುಕಾಗಿ ಹೊರಡಿಸುತ್ತದೆ ಎಂದು ಅವರು ತೋರಿಸಿದರು.

ಇನ್ನೊಂದು, ಆಮ್ಲಜನಕದ ಕಡೆಯದು. ನೀರು ಒಡೆಯುವುದರಲ್ಲಿ ಕಷ್ಟದ ಭಾಗ ಇದೇ. ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಆಕ್ಸೈಡುಗಳನ್ನು ಪರೀಕ್ಷಿಸಿ, ಆ ಲೋಹಗಳು ಮೂರು ವಿದ್ಯುದಂಶ ಕಳೆದುಕೊಂಡ ಒಂದು ನಿರ್ದಿಷ್ಟ ಸ್ಥಿತಿಯಲ್ಲಿದ್ದಾಗ ಆಮ್ಲಜನಕ ಚೆನ್ನಾಗಿ ಹೊರಡುತ್ತದೆ ಎಂದು ಅವರು ಕಂಡುಕೊಂಡರು. ಯಾವ ಅಗ್ಗದ ಲೋಹವನ್ನು ಯಾವ ಸ್ಥಿತಿಯಲ್ಲಿ ಹುಡುಕಬೇಕು ಎಂಬುದಕ್ಕೆ ಇದು ದಾರಿ ತೋರಿಸಿತು. ಶಕ್ತಿಮೂಲಗಳ ಬಗೆಗಿನ ಇಂಥ ಕೆಲಸಕ್ಕಾಗಿ ಅವರಿಗೆ 2020ನೇ ಸಾಲಿನ ಅಂತಾರಾಷ್ಟ್ರೀಯ ಎನಿ ಪ್ರಶಸ್ತಿ ಸಂದಿತು.

ಮ್ಯಾಂಗನೀಸ್ ಎಂದೊಡನೆ ಬೆಳೆಗಾರರು ಕಿವಿ ನಿಮಿರಿಸಬೇಕು. ಎಲೆಗೆ ಸಿಂಪಡಿಸುವ ಲಘು ಪೋಷಕಾಂಶಗಳಲ್ಲಿ ಅದೂ ಒಂದಲ್ಲವೆ? ನೆರಳಿನಲ್ಲಿರುವ ಕಾಫಿ ಗಿಡದ ಪ್ರತಿಯೊಂದು ಎಲೆಯೂ ಹಗಲೆಲ್ಲ ಮಾಡುತ್ತಿರುವ ಮೊದಲ ಕೆಲಸ ನೀರನ್ನು ಒಡೆಯುವುದೇ. ನಾವು ಉಸಿರಾಡುವ ಆಮ್ಲಜನಕ ಎಲೆಯಲ್ಲಿ ಒಡೆದ ನೀರಿನದು. ಈ ಕೆಲಸಕ್ಕೆ ಎಲೆ ಬಳಸುವುದು ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಷಿಯಂ ಸೇರಿದ ಅತಿ ಚಿಕ್ಕ ಗುಂಪು. ಜಪಾನಿನ ವಿಜ್ಞಾನಿಗಳು 2011ರಲ್ಲಿ ಅದರ ರಚನೆಯನ್ನು ಸ್ಪಷ್ಟವಾಗಿ ಗುರುತಿಸಿದರು. ಪ್ಲಾಟಿನಂ ಇಲ್ಲದೆ, ಇರಿಡಿಯಂ ಇಲ್ಲದೆ, ಸಂಡೂರಿನ ಗಣಿಯಲ್ಲಿ ಲಾರಿಗಟ್ಟಲೆ ಸಿಕ್ಕುವಂಥ ಲೋಹದಿಂದ ಪ್ರಕೃತಿ ಈ ವ್ಯವಹಾರವನ್ನು ಕೋಟ್ಯಂತರ ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಆದರೆ ಎಲೆಗೆ ಒಂದು ಅನುಕೂಲವಿದೆ. ಬಿಸಿಲಿನ ಹೊಡೆತಕ್ಕೆ ಈ ಭಾಗ ಹಾಳಾಗುತ್ತಿರುತ್ತದೆ, ಎಲೆ ಅದನ್ನು ಮತ್ತೆ ಮತ್ತೆ ರಿಪೇರಿ ಮಾಡಿಕೊಳ್ಳುತ್ತದೆ. ಕಾರ್ಖಾನೆಯ ತಗಡಿಗೆ ಆ ಶಕ್ತಿ ಇಲ್ಲ.

ನಿಕ್ಕಲ್ಲಿನ ಕಥೆಯೂ ಸ್ವಾರಸ್ಯವಾಗಿದೆ. ಕ್ಷಾರದ ದ್ರಾವಣದಲ್ಲಿ ನಿಕ್ಕಲ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಬಹು ಕಾಲದಿಂದ ಗೊತ್ತಿತ್ತು. 1987ರಲ್ಲಿ ಅಮೆರಿಕದ ಕಾರಿಗನ್ ಎಂಬ ವಿಜ್ಞಾನಿ, ಅದರಲ್ಲಿ ಅತ್ಯಲ್ಪ ಕಬ್ಬಿಣ ಬೆರೆತರೆ ಆಮ್ಲಜನಕ ಬಹಳ ಸುಲಭವಾಗಿ ಹೊರಡುತ್ತದೆ ಎಂದು ತೋರಿಸಿದ. ಅಂದಿನಿಂದ ಸಂಶೋಧನೆ ಬೆಳೆದು, ಇಂದು ಕ್ಷಾರದಲ್ಲಿ ನಿಕ್ಕಲ್–ಕಬ್ಬಿಣದ ಜೋಡಿ ಇರಿಡಿಯಂಗೆ ಸರಿಸಮವಾಗಿ ನಿಲ್ಲುತ್ತದೆ. ಪೊರೆಯ ಯಂತ್ರದ ಅನುಕೂಲವನ್ನೂ ಕ್ಷಾರದ ಅಗ್ಗದ ಲೋಹವನ್ನೂ ಒಂದೇ ಕಡೆ ತರುವ ಮೂರನೆಯ ಬಗೆಯ ಯಂತ್ರವೂ ತಯಾರಾಗುತ್ತಿದೆ. ಅದರ ಪೊರೆ ಬಹುಕಾಲ ಬಾಳುವಂತೆ ಮಾಡುವುದೇ ಈಗಿನ ಸವಾಲು.

ನಾಲ್ಕು ತಾಲ್ಲೂಕುಗಳು ಕೇಳುವ ಪ್ರಶ್ನೆ

ಈಗ ಜಕ್ಕೂರಿನಿಂದ ಮುಂದೆ ಹೋಗೋಣ. ನಂದಿಯ ಸುತ್ತಮುತ್ತ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ ಯಾವುವೂ ವರ್ಷವಿಡೀ ಹರಿಯುವ ನದಿಗಳಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಹೋಗಿವೆ. ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಆದ್ದರಿಂದ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಈ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಆಗಬೇಕು ಎಂಬುದು ಅಲ್ಲಿನ ರೈತರ ಬಹುದಿನದ ಬೇಡಿಕೆ.

ಇಂಥ ನೀರನ್ನು ನೇರವಾಗಿ ಯಂತ್ರಕ್ಕೆ ಹಾಕಿದರೆ ಏನಾಗುತ್ತದೆ? ಕ್ಯಾಲ್ಷಿಯಂ, ಮೆಗ್ನೀಷಿಯಂ ಲವಣಗಳು ಬಾಯ್ಲರಿನಲ್ಲಿ ಕಟ್ಟುವ ಹಿಟ್ಟಿನಂತೆ ಋಣಧ್ರುವದ ಮೇಲೆ ಕಟ್ಟಿಕೊಳ್ಳುತ್ತವೆ. ಉಪ್ಪಿನಂಶ ಇದ್ದರೆ ಧನಧ್ರುವದಲ್ಲಿ ಆಮ್ಲಜನಕದ ಜತೆಗೆ ಕ್ಲೋರಿನ್ ಹೊರಟು ಲೋಹವನ್ನು ತಿನ್ನುತ್ತದೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವವರಿಗೆ ಇದು ಹೊಸ ಪಾಠವಲ್ಲ. ಗೂಡು ಬೇಯಿಸುವ ನೀರು ಗಡಸಾದರೆ ನೂಲಿನ ಗುಣ ಕೆಡುತ್ತದೆ ಎಂದು ಅವರು ತಲೆಮಾರುಗಳಿಂದ ಬಲ್ಲರು. ಜಲಜನಕದ ಯಂತ್ರ ಅದಕ್ಕಿಂತಲೂ ಮಡಿವಂತ. ಅದಕ್ಕೆ ಬೇಕಾದದ್ದು ಬಟ್ಟಿ ಇಳಿಸಿದಂಥ ನೀರು. ಕಿಲೋ ಜಲಜನಕಕ್ಕೆ ಒಂಬತ್ತು ಲೀಟರ್ ಎಂದೆವು. ಶುದ್ಧೀಕರಣದಲ್ಲಿ ಹೊರಹೋಗುವುದು, ಯಂತ್ರ ತಣಿಸಲು ಬೇಕಾಗುವುದು ಎಲ್ಲ ಸೇರಿದರೆ ಇಪ್ಪತ್ತು, ಮೂವತ್ತು ಲೀಟರೂ ಆಗಬಹುದು. ಆಗಲೂ ಬೆಳೆಗೆ ಬೇಕಾಗುವ ನೀರಿನ ಮುಂದೆ ಇದು ಅಲ್ಪವೇ. ಆದರೆ ಒಂದೇ ಕಡೆ ದೊಡ್ಡ ಕಾರ್ಖಾನೆ ಬಂದು ಒಂದೇ ಅಂತರ್ಜಲಕ್ಕೆ ಕೈ ಹಾಕಿದರೆ ಸುತ್ತಲಿನ ಬಾವಿಗಳ ಗತಿ ಏನು, ಶುದ್ಧೀಕರಣದಲ್ಲಿ ಉಳಿದ ಉಪ್ಪು, ಫ್ಲೋರೈಡ್ ನೀರನ್ನು ಎಲ್ಲಿ ಬಿಡುತ್ತಾರೆ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಕೆರೆಗೆ ಬಂದ ಸಂಸ್ಕರಿಸಿದ ನೀರನ್ನೇ ಇನ್ನಷ್ಟು ಶುದ್ಧ ಮಾಡಿ ಬಳಸುವುದು ಯೋಚಿಸತಕ್ಕ ದಾರಿ.

ಗೌರಿಬಿದನೂರಿನ ಕಡೆಗೆ ಬಂದರೆ ವಿದ್ಯುತ್ತಿನ ಪ್ರಶ್ನೆ. ಆ ಸೀಮೆಯಲ್ಲಿ 1997ರಿಂದ ಸೂರ್ಯನ ರೇಡಿಯೋ ಅಲೆಗಳನ್ನು ಗಮನಿಸುವ ದೂರದರ್ಶಕವಿದೆ. ಆ ಸೂರ್ಯನ ಬಹುಭಾಗ ಜಲಜನಕವೇ. ಅಲ್ಲಿ ಬಿಡಿಯಾಗಿ ಉರಿಯುವುದು ಭೂಮಿಯ ಮೇಲೆ ನೀರಿನಲ್ಲಿ ಸೆರೆಯಾಗಿದೆ. ಗೌರಿಬಿದನೂರಿನಿಂದ ಉತ್ತರಕ್ಕೆ, ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಉದ್ಯಾನ 2019ರ ಕೊನೆಗೆ ಪೂರ್ಣಗೊಂಡಿತು. ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲಾಗುವ ಗುತ್ತಿಗೆಗೆ ಪಡೆದರು. ಜಮೀನಿನ ಒಡೆತನ ಕೈಬಿಡದ ಈ ಕ್ರಮವನ್ನು ಮುಂದೆ ಬರುವ ಜಲಜನಕದ ಯೋಜನೆಗಳೂ ಗಮನಿಸತಕ್ಕದ್ದು. ಆದರೆ ಬಿಸಿಲಿನ ವಿದ್ಯುತ್ ಸಂಜೆಗೆ ನಿಲ್ಲುತ್ತದೆ. ದಿನಕ್ಕೊಂದು ಸಲ ಯಂತ್ರ ನಿಂತು ಹೊರಟರೆ, ನಿಂತ ಹೊತ್ತಿನಲ್ಲಿ ಹಿಮ್ಮುಖವಾಗಿ ಹರಿಯುವ ವಿದ್ಯುತ್ತಿನಿಂದ ನಿಕ್ಕಲ್ ತಗಡು ಸವೆಯುತ್ತದೆ. ಅಗ್ಗದ ಲೋಹದ ನಿಜವಾದ ಪರೀಕ್ಷೆ ಇಲ್ಲಿಯೇ.

ಚಿಂತಾಮಣಿಯ ಟೊಮೇಟೊ ಮಾರುಕಟ್ಟೆಗೆ ಬರುವ ರೈತನಿಗೆ ಈ ಲೋಹಗಳ ಹೆಸರು ಬೇಕಾಗಿಲ್ಲ. ಬೇಕಾದದ್ದು ಹೊತ್ತಿಗೆ ಸರಿಯಾಗಿ ಗೊಬ್ಬರ. ಅವನೂ ನಾವೂ ಒಂದೇ ಸಾಲಿನಲ್ಲಿ ನಿಲ್ಲುವವರು. ಇಲ್ಲಿ ಇನ್ನೊಂದು ತೊಡಕನ್ನು ಹೇಳಲೇಬೇಕು. ನೀರಿನಿಂದ ಜಲಜನಕ ತೆಗೆದರೆ ಅಮೋನಿಯ ಮಾಡಬಹುದು. ಯೂರಿಯಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಈಗ ಅನಿಲದಿಂದಲೇ ಸಿಕ್ಕುತ್ತದೆ, ಆಗ ಬೇರೆ ಕಡೆಯಿಂದ ತರಬೇಕಾಗುತ್ತದೆ. ಆದ್ದರಿಂದ ಹಸಿರು ಅಮೋನಿಯ ಮೊದಲು ನಮ್ಮನ್ನು ತಲುಪುವುದು ಯೂರಿಯದ ರೂಪದಲ್ಲಲ್ಲದೆ, ಡಿಎಪಿ ಅಥವಾ ಅಮೋನಿಯಂ ಸಲ್ಫೇಟ್‌ನಂಥ ಗೊಬ್ಬರದ ರೂಪದಲ್ಲಿ ಇರಬಹುದು.

ಮೂರು ಪ್ರಶ್ನೆಗಳು

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದವರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬಾರದು ಎಂಬುದನ್ನು ಜೀವಮಾನವೆಲ್ಲ ಹೇಳಿದರು. ಅವರ ಸೀಮೆಯಲ್ಲಿ ನಿಂತಿರುವಾಗ, ಅಗ್ಗದ ವೇಗವರ್ಧಕ ಸಿಕ್ಕಿತು ಎಂಬ ಸುದ್ದಿ ಬಂದಾಗಲೆಲ್ಲ ನಮ್ಮ ಸದಸ್ಯರು ಮೂರು ಪ್ರಶ್ನೆ ಕೇಳುವುದು ಒಳ್ಳೆಯದು.

ಮೊದಲನೆಯದು, ಕಿಲೋ ಜಲಜನಕಕ್ಕೆ ಎಷ್ಟು ಯೂನಿಟ್? ಶಾಖವೂ ಸೇರಿ ಯಾವ ಯಂತ್ರಕ್ಕೂ 39 ಯೂನಿಟ್ಟಿನಷ್ಟು ಶಕ್ತಿ ಬೇಕೇ ಬೇಕು. ಅದಕ್ಕಿಂತ ಬಹಳ ಕಡಿಮೆ ಹೇಳಿ, ಬೇರೆ ಶಾಖವನ್ನೂ ತೋರಿಸದಿದ್ದರೆ ಆ ಮಾತನ್ನು ನಂಬಬಾರದು.

ಎರಡನೆಯದು, ಎಷ್ಟು ಗಂಟೆ ಬಾಳಿತು? ಕಾರ್ಖಾನೆಯ ಯಂತ್ರ ಅರುವತ್ತು ಸಾವಿರ ಗಂಟೆ, ಅಂದರೆ ಸುಮಾರು ಏಳು ವರ್ಷ ಬಾಳಬೇಕು. ಪ್ರಯೋಗಾಲಯದ ವರದಿಗಳು ಅನೇಕ ವೇಳೆ ಕೆಲವು ನೂರು ಗಂಟೆಗಳವು. ಅಡಿಕೆ ಸಸಿಯನ್ನು ಪಾಲಿಥೀನ್ ಚೀಲದಲ್ಲಿ ನೋಡಿಯೇ ಫಸಲಿನ ಮಾತಾಡುವ ಬೆಳೆಗಾರ ನಮ್ಮಲ್ಲಿಲ್ಲ. ಐದಾರು ವರ್ಷ ಕಾದು, ಸಿಂಗಾರ ಬಿಟ್ಟು, ಕಾಯಿ ಕಚ್ಚಿದ ಮೇಲೆಯೇ ತಳಿಯನ್ನು ಹೊಗಳುತ್ತೇವೆ. ಲೋಹಕ್ಕೂ ಅದೇ ಅಳತೆ ಸರಿ.

ಮೂರನೆಯದು, ಎಂಥ ನೀರಿನಲ್ಲಿ? ಬಟ್ಟಿ ಇಳಿಸಿದ ನೀರಿನಲ್ಲೋ, ಚಿಕ್ಕಬಳ್ಳಾಪುರದ ಕೊಳವೆಬಾವಿಯ ನೀರಿನಲ್ಲೋ? ಆ ನೀರು ಯಾರ ಪಾಲಿನದು?

ಮನೆಯ ಮಕ್ಕಳಿಗೆ ಇದನ್ನು ತೋರಿಸುವುದೂ ಸುಲಭ. ಗಾಜಿನ ಲೋಟದಲ್ಲಿ ನೀರು ಹಾಕಿ ಒಂದು ಚಮಚ ವಾಷಿಂಗ್ ಸೋಡ ಕರಗಿಸಿ. ಎರಡು ಪೆನ್ಸಿಲ್‌ಗಳನ್ನು ಎರಡೂ ತುದಿಯಲ್ಲಿ ಹೆರೆದು ನೀರಿನಲ್ಲಿ ನಿಲ್ಲಿಸಿ, ಮೇಲಿನ ತುದಿಗಳನ್ನು 9 ವೋಲ್ಟ್ ಬ್ಯಾಟರಿಗೆ ತಂತಿಯಿಂದ ಜೋಡಿಸಿ. ಋಣಧ್ರುವದಲ್ಲಿ ಗುಳ್ಳೆ ಹೆಚ್ಚು, ಧನಧ್ರುವದಲ್ಲಿ ಕಡಿಮೆ. ಎರಡು ಪಾಲು ಜಲಜನಕಕ್ಕೆ ಒಂದು ಪಾಲು ಆಮ್ಲಜನಕ ಎಂಬ ಪಾಠ ಕಣ್ಣೆದುರಿಗೆ ಬರುತ್ತದೆ. ಅಡಿಗೆ ಉಪ್ಪನ್ನು ಮಾತ್ರ ಹಾಕಕೂಡದು, ವಿಷಕರವಾದ ಕ್ಲೋರಿನ್ ಬರುತ್ತದೆ. ಮನೆಯ ಕರೆಂಟಿಗೆ ಜೋಡಿಸಲೇಕೂಡದು. ಗಾಳಿಯಲ್ಲಿ ನೂರಕ್ಕೆ ನಾಲ್ಕರಷ್ಟು ಜಲಜನಕ ಬೆರೆತರೂ ಕಿಡಿಗೆ ಹತ್ತಿಕೊಳ್ಳುವುದರಿಂದ ಬೆಂಕಿಯಿಂದ ದೂರ, ಬಯಲಿನಲ್ಲಿ ಮಾಡಬೇಕು, ಅನಿಲವನ್ನು ಕೂಡಿಡಬಾರದು.

ಆಸ್ಮಿಯಂ ಜಾಗಕ್ಕೆ ಕಬ್ಬಿಣ ಬಂದುದರಿಂದ ನಮ್ಮ ಅಜ್ಜಂದಿರ ಕಾಲದಲ್ಲಿ ಗೊಬ್ಬರ ಹಳ್ಳಿಗೆ ತಲುಪಿತು. ಇರಿಡಿಯಂ ಜಾಗಕ್ಕೆ ನಿಕ್ಕಲ್, ಕಬ್ಬಿಣ, ಮ್ಯಾಂಗನೀಸ್ ಬಂದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಹಡಗಿನ ಅನಿಲವನ್ನು ಕಾಯದ ಗೊಬ್ಬರ ಬರಬಹುದು. ಆ ಕೆಲಸದ ಒಂದು ಪಾಲು ನಮ್ಮ ರಾಜ್ಯದಲ್ಲೇ ನಡೆದಿದೆ ಎಂಬುದು ಸಂತೋಷದ ವಿಷಯ. ಅಲ್ಲಿಯವರೆಗೆ ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಯೂರಿಯ ಹಾಕುವುದು, ಸೊಪ್ಪು, ಕೊಟ್ಟಿಗೆ ಗೊಬ್ಬರವನ್ನು ಬಿಡದಿರುವುದು ನಮ್ಮ ಕೈಯಲ್ಲೇ ಇರುವ ಉಳಿತಾಯ. ಪ್ರತಿಯೊಂದು ಕಿಲೋ ಯೂರಿಯ ಉಳಿಸಿದಾಗಲೂ, ಯಾವ ಯಂತ್ರವೂ ಇಲ್ಲದೆ, ನೂರು ಗ್ರಾಂ ಜಲಜನಕವನ್ನು ನಾವೇ ಗಳಿಸಿದಂತೆ ಆಗುತ್ತದೆ.